ಬಿಳಿಗೆರೆಯ ಸ್ಟಾರ್ಟರ್ ಪೆಟ್ಟಿಗೆಯಲ್ಲಿದ್ದ ದನಿ

ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ರಿಪೇರಿ ಮಾಡುವವನ ಅಂಗಡಿಗೆ ಬರೀ ಪೆಟ್ಟಿಗೆ ಬರುವುದಿಲ್ಲ, ಹಿಂದೆಯೇ ಅದರ ಮನೆಯೂ ಬರುತ್ತದೆ. ನಂಜನಗೂಡಿನ ನನ್ನ ಅಂಗಡಿಯಲ್ಲಿ ಇದು ತಪ್ಪಿದ್ದಲ್ಲ. ಬಿಳಿಗೆರೆ ಕಡೆಯ ಬಾಳೆ ಬೆಳೆಗಾರರೊಬ್ಬರ ಪೆಟ್ಟಿಗೆಯಂತೂ ಒಂದೇ ವರ್ಷದಲ್ಲಿ ನಾಲ್ಕು ಸಲ ಬಂತು.

೧. ಯಾರವಳು

ಮೊದಲ ಸಲ ತಂದವರು ಅವರ ಹೆಂಡತಿ. ತೋಟಕ್ಕೆ ಕರೆಂಟ್ ಬಂದೊಡನೆ ಈ ಪೆಟ್ಟಿಗೆ ತಾನೇ ಯಜಮಾನರ ಫೋನಿಗೆ ಕರೆ ಮಾಡಿ ತಿಳಿಸುತ್ತದೆ. ಮಾತಾಡುವುದು ಕಂಪನಿಯವರು ತುಂಬಿದ ಹೆಣ್ಣು ದನಿ, ಬಹಳ ನಯ. ಅವಳು ಯಾರೆಂದು ವಿಚಾರಿಸಲು ಬಂದಿದ್ದಾರೆಂದುಕೊಂಡು ನಾನು ಪೆಟ್ಟಿಗೆ ಬಿಚ್ಚಿ ವಿವರಿಸತೊಡಗಿದೆ. ಆಕೆ ತಡೆದರು. ಅನುಮಾನವೇನೂ ಇಲ್ಲವಂತೆ. ಆ ದನಿ ಕೇಳಿದರೆ ಗಂಡ ಮಗ್ಗುಲು ಬದಲಿಸುತ್ತಾನೆಯೇ ಹೊರತು ಏಳುವುದಿಲ್ಲ ಎಂಬುದು ದೂರು.

“ಅಷ್ಟ್ ನಯವಾಗ್ ಮಾತಾಡುದ್ರೆ ಯಾವ್ ಗಂಡ್ಸು ಎದ್ದಾನು ಸಾ? ನನ್ ದನಿ ಆಕ್ಬುಡಿ.”

ನನ್ನ ಫೋನಿನಲ್ಲಿ ಆಕೆಯ ನಾಲ್ಕು ಮಾತು ಹಿಡಿದು ಪೆಟ್ಟಿಗೆಯ ಮೆಮೊರಿ ಚಿಪ್ಪಿಗೆ ತುಂಬಿದೆ. ಮರುದಿನ ಯಜಮಾನರು ಎದ್ದು ನಿಂತು, ಪಂಚೆ ಸರಿಮಾಡಿಕೊಂಡು ಕರೆ ಎತ್ತಿದರಂತೆ.

೨. ಸ್ವಿಚ್ಚು

ಆರು ತಿಂಗಳ ಮೇಲೆ ನೆಂಟರ ಎದುರು ಯಜಮಾನರು ಒಂದು ತಮಾಷೆ ಮಾಡಿದರು. ಪೆಟ್ಟಿಗೆಯಲ್ಲಿರುವ ಇವಳೇ ವಾಸಿ, ಬಟನ್ ಒತ್ತಿದರೆ ಸುಮ್ಮನಾಗುತ್ತಾಳೆ ಎಂದರು. ನೆಂಟರು ನಕ್ಕರು, ಆಕೆ ನಗಲಿಲ್ಲ. ಸಂಜೆ ಬಸ್ಸಿಗೆ ಹೆಮ್ಮಿಗೆಯ ತವರಿಗೆ ಹೊರಟುಹೋದರು. ಆಮೇಲೆ ಗಂಡನ ಫೋನ್ ಎತ್ತಲೇ ಇಲ್ಲ.

ಯಜಮಾನರಿಗೆ ಉಳಿದದ್ದು ಪೆಟ್ಟಿಗೆಯೊಳಗಿನ ದನಿ. ಅದು “ಕರೆಂಟ್ ಬಂತು, ಏಳು” ಎನ್ನುವುದು ದಿನಕ್ಕೊಂದೇ ಸಲ. ಮೇನ್ ಸ್ವಿಚ್ ಇಳಿಸಿ ಮತ್ತೆ ಏರಿಸಿದರೆ, ಕರೆಂಟ್ ಈಗ ಬಂತೆಂದು ನಂಬಿ ಪೆಟ್ಟಿಗೆ ಇನ್ನೊಮ್ಮೆ ಕರೆಯುತ್ತದೆಂದು ಕಂಡುಕೊಂಡರು. ಒಂದು ಮಧ್ಯಾಹ್ನ ಕಂಪನಿಯ ಹೊಸ ಪ್ರೋಗ್ರಾಂ ನೆಟ್‌ವರ್ಕಿನಲ್ಲಿ ಇಳಿದು ಚಿಪ್ಪಿನ ಮೆಮೊರಿಯಲ್ಲಿ ಬರೆಯಿಸಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಇವರು ಸ್ವಿಚ್ ಇಳಿಸಿದರು. ಬರವಣಿಗೆ ಅರ್ಧಕ್ಕೆ ನಿಂತು ಚಿಪ್ಪು ಉಸಿರೆತ್ತದಾಯಿತು.

ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ತಂದರು. ಎಷ್ಟು ಸಲ ಸ್ವಿಚ್ ಎಳೆದಿರಿ ಎಂದೆ.

ಬೆರಳು ಮಡಿಸಿ ಎಣಿಸುತ್ತ, “ಇವತ್ತಾ ಸಾ?” ಎಂದರು.

೩. ಎಬ್ಬಿಸಿದ್ದು

ಇಂಥ ಚಿಪ್ಪಿನಲ್ಲಿ ಹುಟ್ಟಿನಿಂದಲೇ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ, ಯಾರಿಂದಲೂ ಅಳಿಸಲಾಗದ್ದು. ಒಂದು ಪಿನ್ನಿಗೆ ವೈರು ಹಿಡಿದು ಕರೆಂಟ್ ಕೊಟ್ಟರೆ ಅದೊಂದು ಎದ್ದು ಕಿವಿಗೊಡುತ್ತದೆ. ಎದ್ದಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯಲೇ ಎಂದು ಕಂಪ್ಯೂಟರ್ ಕೇಳಿತು. ಹೂಂ ಎಂದಿದ್ದರೆ ಎರಡು ನಿಮಿಷದ ಕೆಲಸ, ಆದರೆ ಆ ದನಿಯೂ ಹೋಗುತ್ತಿತ್ತು. ನನ್ನ ಹಳೇ ಫೋನ್ ಕೆಟ್ಟಾಗ ಅದರ ಪ್ರತಿಯೂ ಹೋಗಿತ್ತು. ಬೇಡವೆಂದು ಒತ್ತಿ, ಪ್ರೋಗ್ರಾಮಿನ ಜಾಗಕ್ಕೆ ಮಾತ್ರ ಹಳೆಯದನ್ನು ಚೂರುಚೂರಾಗಿ ಬರೆದೆ. ಯಜಮಾನರು ಸ್ಟೂಲಿನ ತುದಿಯಲ್ಲಿ ಕೂತಿದ್ದರು, ಆಸ್ಪತ್ರೆಯ ವರಾಂಡದಲ್ಲಿ ಕೂತ ಹಾಗೆ.

ಪೆಟ್ಟಿಗೆ ಬದುಕಿತು. ಆದರೆ ಅರ್ಧ ಬರವಣಿಗೆ ದನಿಯ ಮೇಲೂ ಹರಿದಿತ್ತು. ನಾಲ್ಕು ಮಾತಿನಲ್ಲಿ ಉಳಿದದ್ದು ಒಂದು, ಬೋರು ಬತ್ತಿ ಮೋಟಾರ್ ಖಾಲಿ ಓಡಿದಾಗ ಹೇಳುವಂಥದು: “ನೀರಿಲ್ಲ. ನಿಲ್ಸು.” ಮಿಕ್ಕ ಮೂರಕ್ಕೆ ಕಂಪನಿಯ ದನಿಯನ್ನೇ ಹಾಕಬೇಕಾಯಿತು. ಇಷ್ಟೇ ಉಳಿದದ್ದು ಎಂದು ಸಂಕೋಚದಿಂದ ಹೇಳಿದೆ.

“ಸಾಕು ಸಾ. ಬೋ ಪ್ರೀತಿ ಬಂದಾಗ್ಲೂ ಇಂಗೇ ಮಾತಾಡೋಳು.”

೪. ನೀರಿಲ್ಲ

ಆ ವರ್ಷ ಬೋರಿನಲ್ಲಿ ಬೇಕಾದಷ್ಟು ನೀರು. ಪೆಟ್ಟಿಗೆಯೊಳಗಿನ ಆಕೆ ಮಾತಾಡುವ ಸಂದರ್ಭವೇ ಬರಲಿಲ್ಲ. ಯಜಮಾನರು ಗೇಟ್‌ವಾಲ್ವ್ ಮುಚ್ಚಿ ಮೋಟಾರ್ ಹಾಕತೊಡಗಿದರು. ನೀರು ಹೊರಡದ್ದರಿಂದ ಬೋರು ಬತ್ತಿದೆಯೆಂದು ಪೆಟ್ಟಿಗೆ ತಿಳಿದು, ಮೋಟಾರ್ ನಿಲ್ಲಿಸಿ ಕರೆ ಮಾಡುತ್ತಿತ್ತು. ಮೂರನೇ ಸಲ ಅವರು ಪೆಟ್ಟಿಗೆ ತಂದಾಗ ಪದೇ ಪದೇ ಹಾಕಿ ನಿಲ್ಲಿಸಿ, ಒಳಗೆ ಕರೆಂಟ್ ಕೂಡಿಸುವ ಕಾಂಟ್ಯಾಕ್ಟುಗಳು ಕರಕಲಾಗಿದ್ದವು. ಹೀಗೇ ಮಾಡಿದರೆ ಮೋಟಾರೂ ಸುಟ್ಟುಹೋಗುತ್ತದೆ ಎಂದೆ. ತಲೆಯಾಡಿಸಿದರು. ನಿಲ್ಲಿಸುವ ಲಕ್ಷಣ ಕಾಣಲಿಲ್ಲ.

ನಾನಾಗಿ ಯಾರಿಗೂ ಫೋನ್ ಮಾಡುವವನಲ್ಲ. ನನ್ನ ಮನೆಯಲ್ಲೂ ಹೆಣ್ಣು ದನಿ ನಿಂತು ಕೆಲವು ವರ್ಷವಾಯಿತು, ಅದನ್ನು ಮತ್ತೆ ಎಬ್ಬಿಸಲು ಯಾವ ಪಿನ್ನೂ ಇಲ್ಲ. ಆದರೂ ಹೆಮ್ಮಿಗೆಯಲ್ಲಿದ್ದ ಆಕೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ, ಮೋಟಾರ್ ಸುಡುತ್ತದಮ್ಮ ಎಂದೆ.

“ಅವ್ರು ಆಳಾಗೋಗ್ಲಿ. ಆ ಮೋಟ್ರು ನಮ್ಮಪ್ಪ ಕೊಡ್ಸಿದ್ದು ಕಣ್ರೀ.”

ಬೆಳಗಿನ ಮೊದಲ ಬಸ್ಸಿಗೇ ನರಸೀಪುರದ ಮೇಲೆ ಬಿಳಿಗೆರೆಗೆ ಬಂದಿಳಿದರು.

೫. ಉಂಡ್ಯಾ ಇಲ್ವಾ

ನಾಲ್ಕನೇ ಸಲ ಇಬ್ಬರೂ ಪೆಟ್ಟಿಗೆ ತಂದರು. ಕಳೆದುಹೋದ ಮೂರು ಮಾತನ್ನು ಮತ್ತೆ ಹಿಡಿಯಬೇಕಿತ್ತು. ಕೈ ಎತ್ತಿದಾಗ “ಕರೆಂಟ್ ಬಂತು, ಏಳು” ಅನ್ನಿ ಎಂದು ತಿಳಿಸಿ ಕೈ ಎತ್ತಿದೆ. ಆಕೆ ನನ್ನ ಕೈ ನೋಡಲಿಲ್ಲ. ಗಂಡನ ಹೆಗಲಿನಿಂದ ಜಾರುತ್ತಿದ್ದ ಅಂಗಿಯನ್ನೇ ನೋಡುತ್ತ, “ಏನಿಂಗ್ ಸೊರ್ಗೋಗಿದ್ದೀಯೆ? ಉಂಡ್ಯಾ ಇಲ್ವಾ?” ಎಂದರು. ಫೋನಿನಲ್ಲಿ ಅದೇ ಕೂತಿತು. ಇನ್ನೊಮ್ಮೆ ಹೇಳಿ ಎನ್ನುವಷ್ಟರಲ್ಲಿ ಯಜಮಾನರು ನನ್ನ ಕೈ ಹಿಡಿದು, ಅದೇ ಇರಲಿ ಎಂದರು. ಕರೆಂಟ್ ಬಂದಾಗ ಹೇಳುವ ಮಾತಿನ ಜಾಗಕ್ಕೆ ಅದನ್ನೇ ತುಂಬಿದೆ.

ಮೊನ್ನೆ ಅವರ ಮನೆಗೆ ಊಟಕ್ಕೆ ಕರೆದಿದ್ದರು. ಯಜಮಾನರು ಎರಡು ಮುದ್ದೆ ಮುಗಿಸಿ ಬೆರಳು ನೆಕ್ಕುತ್ತಿದ್ದಾಗ ತೋಟಕ್ಕೆ ಕರೆಂಟ್ ಬಂತು. ಫೋನ್ ಎತ್ತಿದರು. ಪೆಟ್ಟಿಗೆ ಕೇಳಿತು, ಉಂಡ್ಯಾ ಇಲ್ವಾ. ಅವರು ತಗ್ಗಿದ ದನಿಯಲ್ಲಿ, “ಇನ್ನೂ ಇಲ್ಲ ಕಣಮ್ಮಿ,” ಎಂದರು.

ಅಡುಗೆಮನೆಯಿಂದ ಆಕೆ ಸೌಟು ಹಿಡಿದೇ ಹೊರಗೆ ಬಂದರು.

“ನನ್ ಕೈಲಿ ಎರಡ್ ಮುದ್ದೆ ಉಂಡ್ಬುಟ್ಟು, ಅವಳ್ತಾವ ಏನ್ ಸುಳ್ಳೇಳ್ತಿದ್ದೀಯ?”