ತಂತಿ ಕತ್ತರಿಸಿದರೆ ಯಾರಿಗೆ ಫೋನ್?

ಸಿಂಗಪುರದಲ್ಲಿ ಮನೆಗಳಿಗೆ ಅಲಾರಂ ಹಾಕುತ್ತ ಆರು ವರ್ಷ ಕಳೆದೆ. ಒಬ್ಬ ಕಳ್ಳನನ್ನೂ ಕಾಣಲಿಲ್ಲ. ತಮಾಷೆಗಳೆಲ್ಲ ಮನೆಯವರಿಂದಲೇ, ಅದೂ ವಾರಕ್ಕೊಂದಾದರೂ ತಪ್ಪುತ್ತಿರಲಿಲ್ಲ. ಬುಕಿತ್ ಪಂಜಾಂಗ್‌ನ ಒಂದೇ ಮನೆಯಲ್ಲಿ ಮೂರಾದವು. ಮೈಸೂರು ಕಡೆಯ ಅಂಕಲ್, ಆಂಟಿ. ಮದುವೆಗೆಂದು ಮೂರು ವಾರ ಊರಿಗೆ ಹೊರಟಿದ್ದರು. ಆಂಟಿಯ ಜೀವವೆಲ್ಲ ಬೀರುವಿನಲ್ಲಿದ್ದ ಬೆಳ್ಳಿಯ ಲಕ್ಷ್ಮಿ ಮುಖದ ಮೇಲೆ. ಅವರಮ್ಮ ಕೊಟ್ಟದ್ದು, ಕಳೆದರೆ ಮತ್ತೆ ಬರುವಂಥದ್ದಲ್ಲ.

ಮೊದಲ ದಿನ

ಅಂಕಲ್ ಎಂಜಿನಿಯರು. ಅವರ ಪ್ರಶ್ನೆಗಳು ಮುಗಿಯುತ್ತಲೇ ಇರಲಿಲ್ಲ.

“ಕಳ್ಳ ಫೋನ್ ವೈರ್ ಕಟ್ ಮಾಡಿದ್ರೆ?”

“ಅದಕ್ಕೇ ಬ್ಯಾಕಪ್ ಅಂಕಲ್. ಈ ಸಣ್ಣ ಪೆಟ್ಟಿಗೇಲಿ ಸಿಮ್ ಇದೆ, ಮೊಬೈಲ್ ಥರ ಅದೇ ಫೋನ್ ಮಾಡುತ್ತೆ.”

“ಕರೆಂಟ್ ಹೋದ್ರೆ?”

“ಬ್ಯಾಟರಿ ಇದೆ.”

“ಬ್ಯಾಟರಿ ಮುಗಿದ್ರೆ?”

“ಮುಗಿಯೋಕೆ ಮುಂಚೆ ನಿಮಗೆ ಮೆಸೇಜ್ ಕಳಿಸುತ್ತೆ.”

ಆಂಟಿ ಅಡುಗೆಮನೆಯಿಂದಲೇ ಹೇಳಿದರು: “ಹಾಗಾದ್ರೆ ಇವರಿಗಿಂತ ವಾಸಿ. ಲೇಟಾಗುತ್ತೆ ಅಂತ ಇವರು ಒಂದು ದಿನಾನೂ ಮೆಸೇಜ್ ಮಾಡಿಲ್ಲ.”

ಪೆಟ್ಟಿಗೆ ಎಲ್ಲಿ?

ವಾರದ ನಂತರ ನೋಡಿದರೆ ಸಿಮ್‌ಗೆ ಸಿಗ್ನಲ್ಲೇ ಇಲ್ಲ. ಗೋಡೆಯ ಮೇಲೆ ಪೆಟ್ಟಿಗೆಯೂ ಇಲ್ಲ. ಅದರ ವೈರು ಹಿಡಿದು ಹೋದರೆ ಸ್ಟೀಲ್ ಬೀರು ಸಿಕ್ಕಿತು. ಆಂಟಿ ಪೆಟ್ಟಿಗೆಯನ್ನು ಲಕ್ಷ್ಮಿಯ ಪಕ್ಕ ಕೂರಿಸಿ ಬೀಗ ಹಾಕಿದ್ದರು.

“ಸ್ಟೀಲ್ ಒಳಗಿಟ್ರೆ ಸಿಗ್ನಲ್ ಬರಲ್ಲ ಆಂಟಿ. ಹೊರಗೇ ಇರಬೇಕು.”

“ಇಷ್ಟು ದುಬಾರಿ ಸಾಮಾನು ಹೊರಗೆ ಬಿಡೋದಾ? ಹಾಗಾದ್ರೆ ಇದಕ್ಕೂ ಒಂದು ಅಲಾರಂ ಹಾಕಿ.”

ಐದು ನಂಬರ್

ಹೊರಡುವ ಹಿಂದಿನ ದಿನ ಕೊನೆಯ ಪರೀಕ್ಷೆ. ಫೋನಿನ ವೈರು ಕಿತ್ತೆ. ಸೈರನ್ ಕೂಗಿತು, ಪೆಟ್ಟಿಗೆ ಅಂಕಲ್‌ಗೂ ಅವರ ನಾಲ್ಕು ಜನ ಕನ್ನಡದ ಗೆಳೆಯರಿಗೂ ಸರದಿಯಂತೆ ಫೋನ್ ಮಾಡಿತು. ಎಲ್ಲರೂ ಎತ್ತಿದರು. ನನಗೆ ಖುಷಿಯಾಯಿತು. ಸುಮ್ಮನೆ ಕುತೂಹಲಕ್ಕೆ ಆಂಟಿಯನ್ನು ಕೇಳಿದೆ: “ಈ ನಾಲ್ಕೂ ಜನ ನಾಳೆಯಿಂದ ಇಲ್ಲೇ ಇರ್ತಾರಲ್ವಾ?”

“ಅದು ಹೇಗೆ? ಅವರೂ ಮದುವೆಗೆ ಬರ್ತಿದಾರೆ. ಎಲ್ಲಾ ಒಂದೇ ಫ್ಲೈಟ್, ಗ್ರೂಪ್ ಬುಕಿಂಗ್.”

“ಮತ್ತೆ ಅವರ ನಂಬರ್ ಯಾಕೆ ಕೊಟ್ರಿ ಆಂಟಿ?”

“ನಂಬಿಕಸ್ಥರು ಅಂತ ಇರೋದು ಅವರೇ ಅಲ್ವಾ?”

ಕಳ್ಳ ಬಂದರೆ ಪೆಟ್ಟಿಗೆ ಮದುವೆಯ ಊಟದ ಪಂಕ್ತಿಗೆ ಫೋನ್ ಮಾಡುತ್ತಿತ್ತು. ಅದನ್ನು ಹೇಳಿದಾಗ ಆಂಟಿಯ ಮುಖ ಬಾಡಿತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಎದುರು ಮನೆಯ ಚೀನೀ ಅಂಕಲ್, ಬನಿಯನ್ ಚಡ್ಡಿಯಲ್ಲಿ. “ಏನಿದು ಗಲಾಟೆ? ಬೆಳಿಗ್ಗೆ ಮಿಕ್ಸಿ, ಮಧ್ಯಾಹ್ನ ಕುಕ್ಕರ್, ಈಗ ಇದು ಲಾ,” ಎಂದು ಮಾತಿನ ಕೊನೆಗೆ ‘ಲಾ’ ಸೇರಿಸುವ ಸಿಂಗಪುರದ ಇಂಗ್ಲಿಷಿನಲ್ಲಿ ರೇಗಿದರು. ಸೈರನ್ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ.

“ಮೂರು ವಾರ ಎಲ್ಲಾದರೂ ಹೋಗ್ತೀರಾ?” ಎಂದು ಕೇಳಿದೆ.

“ರಿಟೈರ್ ಆದವನು ಎಲ್ಲಿಗೆ ಹೋಗ್ಲಿ?”

ಆಂಟಿ ಅವರೊಂದಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತಂತೆ. ಈಗ ಅವರ ಕಡೆ ಕೈ ತೋರಿಸಿ ನನಗೆ ಹೇಳಿದರು:

“ಇವರ ನಂಬರನ್ನೇ ಮೊದಲು ಹಾಕಿ. ವೈರ್ ಕಟ್ ಆಗಬಹುದು, ಸಿಮ್ ಕೈ ಕೊಡಬಹುದು. ನಮ್ಮನೇಲಿ ಸದ್ದಾಗಿ ಇವರು ಬರದೇ ಇದ್ದ ದಿನ ಮಾತ್ರ ಇಲ್ಲ.”