ಒಂದೇ ಎಳೆತಕ್ಕೆ ಏಳುವ ಎಂಜಿನ್

ಮರವಂತೆಯ ಕಡಲಲ್ಲಿ ವರ್ಷಗಟ್ಟಲೆ ದೋಣಿಯ ಎಂಜಿನನ್ನು ಒಂದೇ ಎಳೆತಕ್ಕೆ ಎಬ್ಬಿಸಿದ ಕೈ ಇದು! ನಾನು ಹಗ್ಗ ಮುಟ್ಟುವ ಮೊದಲೇ ಎಂಜಿನ್ ಹೆದರಿ, 'ಎದ್ದೆ, ಎದ್ದೆ' ಎಂದು ಗುಡುಗುತ್ತಿತ್ತು. ಅಂಥವನಿಗೆ ಅಂಗಳ ತೊಳೆಯುವ ಒಂದು ಪೆಟ್ರೋಲ್ ಪ್ರೆಶರ್ ವಾಷರ್ ಯಾವ ಲೆಕ್ಕ?

ತೊಳೆಯಲೇಬೇಕಿತ್ತು. ಹೋದ ವರ್ಷ ಮಳೆ ಬಿಟ್ಟ ಹೊತ್ತಿಗೆ ಮುಂಬೈಯಿಂದ ಬಂದಿದ್ದ ನನ್ನ ಹೆಂಡತಿ ಸರಸಳ ಅಣ್ಣ, ಚಂದಯ್ಯ ಭಾವ, ನಮ್ಮ ಅಂಗಳದ ಪಾಚಿಯ ಮೇಲೆ ಕಾಲಿಟ್ಟು ಗೇಟಿನಿಂದ ತುಳಸಿಕಟ್ಟೆಯವರೆಗೆ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿದ್ದರು. "ಪಾಚಿ ಹೋಪ ವರೆಗೆ ಈ ಅಂಗಳಕ್ಕೆ ಕಾಲ್ ಹಾಕುದಿಲ್ಲೆ" ಎಂದು ಹೋದವರು ಆಮೇಲೆ ಒಂದು ಫೋನೂ ಮಾಡಿರಲಿಲ್ಲ. ಇವತ್ತು ಹತ್ತು ಗಂಟೆಗೆ ಬರುತ್ತಾರಂತೆ. ಅದೂ ಗೇಟಿನ ತನಕ!

"ಅಣ್ಣಯ್ಯ ಇವತ್ ಒಳಗ್ ಬರ್ದೇ ಹ್ವಾರೆ ನಾನೂ ಅವ್ರೊಟ್ಟಿಗೇ ಹೋತೆ, ಕಾಣಿ!" ಎಂದಳು ಸರಸ, ಮೂಲೆಯ ತೆಂಗಿನಕಡ್ಡಿ ಪೊರಕೆಯತ್ತ ಕೈತೋರಿಸಿ. "ಹಿಡಿಸೂಡಿ ತಕಂಡ್ ತಿಕ್ಕುವ. ಬೇಗ ಆತ್ತ್."

"ಎಂಜಿನ್ ಇದ್ ಮೇಲೂ ಹಿಡಿಸೂಡಿಯಾ? ನಾಕ್ ಜನ ಎಂತ ಹೇಳ್ತ್ರ್!"

ತ್ರಾಸಿಯಲ್ಲಿ ವಾಹನ ತೊಳೆಯುವ ಅಂಗಡಿ ಇಟ್ಟಿರುವ ಸೋದರಳಿಯ ಸುಧೀರನಿಂದ ಯಂತ್ರವನ್ನೂ ಅದರ ನೀರು ಚಿಮ್ಮಿಸುವ ಗನ್ನನ್ನೂ ತಂದಿದ್ದೆ. ನಮ್ಮ ದೋಣಿಯ ಎಂಜಿನ್ ಕುಡಿಯುತ್ತಿದ್ದದ್ದು ಸೀಮೆಎಣ್ಣೆ. ಎಲ್ಲ ಎಂಜಿನ್ನುಗಳ ಹೊಟ್ಟೆಯೂ ಒಂದೇ ತಾನೆ ಎಂದು ಹಳೆಯ ಕ್ಯಾನಿನಲ್ಲಿದ್ದದ್ದನ್ನು ಗಟಗಟ ಸುರಿದೆ. ಹಗ್ಗ ಹಿಡಿದು ಎಳೆದೆ ನೋಡಿ! ಆ ಎಳೆತಕ್ಕೆ ಲಕ್ಷದ್ವೀಪ ಒಂದು ಗೇಣು ಈಚೆ ಬಂದಿರಬೇಕು. ಯಂತ್ರ ಮಾತ್ರ 'ಫುಸ್' ಎಂದಿತು. ಮತ್ತೆ ಎಳೆದೆ. ಮತ್ತೆ ಫುಸ್. ನನ್ನ ಭುಜ ಕುಂದಾಪುರದ ಆಸ್ಪತ್ರೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸತೊಡಗಿತು. ಸುಧೀರನಿಗೆ ಫೋನ್ ಮಾಡಿದೆ.

"ಮಾವ, ಟ್ಯಾಂಕಿಗ್ ಎಂತ ಹಾಕಿದ್ರಿ?"

"ಚಿಮಣಿ ಎಣ್ಣಿ."

ಆ ಕಡೆ ಸ್ಪ್ಯಾನರೊಂದು ನೆಲಕ್ಕೆ ಬಿದ್ದ ಸದ್ದಾಯಿತು.

"ಅದ್ ದೋಣಿ ಅಲ್ದ್ ಮಾವ! ಅದೆಲ್ಲ ಖಾಲಿ ಮಾಡಿ ಪೆಟ್ರೋಲ್ ಹಾಕಿ, ಪ್ಲಗ್ ಒರ್ಸಿ. ಮತ್ತೆ, ಎಳೂಕೆ ಮುಂಚೆ ಗನ್ನ್ ಒಂದ್ಸಲ..."

"ಗೊತ್ತಿತ್ತ್ ಮಾರಾಯ! ಎಂಜಿನ್ ಎಬ್ಸುದ್ ನಂಗೇ ಹೇಳ್ಕೊಡ್ತ್ಯಾ?" ಎಂದು ಫೋನ್ ಕಟ್ ಮಾಡಿದೆ.

ಸ್ಕೂಟರಿನಿಂದ ಪೆಟ್ರೋಲ್ ಇಳಿಸಿ ಹಾಕಿದ್ದಾಯಿತು. ಪ್ಲಗ್ಗನ್ನು ಹಸುಗೂಸಿನಂತೆ ಒರೆಸಿದ್ದಾಯಿತು. ನಲ್ಲಿ ಬಿಟ್ಟು ಮತ್ತೆ ಎಳೆದೆ. ನಾಲ್ಕು ಎಳೆತಕ್ಕೆ ಪಂಪಿನೊಳಗೆ ನೀರು ಬಿಗಿದುಕೊಂಡು, ಹಗ್ಗವೇ ಅಲುಗದು! ಯಂತ್ರ ಅದನ್ನು ಹಲ್ಲುಕಚ್ಚಿ ಹಿಡಿದುಕೊಂಡಿತ್ತು.

ಅಷ್ಟರಲ್ಲಿ ಸರಸ ಹಿಡಿಸೂಡಿಯಿಂದ ತಿಕ್ಕುತ್ತ ನನ್ನ ಕಾಲಬುಡಕ್ಕೇ ಬಂದಳು.

"ಹ್ವಾಯ್, ಸ್ವಲ್ಪ ಆಚೆ ನಿಲ್ಲಿ."

"ಎಂಜಿನ್ ಏಳು ಹೊತ್ತಿಗೆ ಅಡ್ಡ ಬರ್ಬೇಡ!"

"ಏಳ್ಲಿ, ಏಳ್ಲಿ. ಚಾ ಮಾಡಿಡ್ಲಾ ಅದ್ಕೆ?"

ಉತ್ತರಿಸುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಬಿಳಿ ಪಂಚೆಯ ಭಾವ! ಒಂದು ಕಾಲು ರಸ್ತೆಯಲ್ಲಿ, ಇನ್ನೊಂದು ಕಾಲು ಸಂಶಯದಲ್ಲಿ. ಇನ್ನು ತಡೆದರೆ ಭಾವನೂ ಹೋದರು, ಹೆಂಡತಿಯೂ ಹೋದಳು! ಎಡಗೈಯಲ್ಲಿ ಗನ್, ಬಲಗೈಯಲ್ಲಿ ಹಗ್ಗ, ಎದೆಯಲ್ಲಿ ಅರಬ್ಬೀ ಸಮುದ್ರದಷ್ಟು ಉಸಿರು. ಎಳೆದೆ!

ಹಗ್ಗ ಬರಲಿಲ್ಲ. ಕಾಲು ಹೋಯಿತು. ಬೀಳುವ ಭಯಕ್ಕೆ ಎಡಗೈ ಗನ್ನನ್ನು ಗಟ್ಟಿಯಾಗಿ ಅಮುಕಿತು. ಒಳಗೆ ಬಿಗಿದಿದ್ದ ನೀರು ಚಿಮ್ಮಿತು, ಹಗ್ಗ ಸಡಿಲವಾಯಿತು, ನನ್ನ ಭಾರಕ್ಕೆ ಸರ್ರನೆ ಬಂತು. ಎಂಜಿನ್ ಡರ್ರೆಂದು ಎದ್ದೇಬಿಟ್ಟಿತು! ಅದನ್ನು ನೋಡಲು ನಾನು ಮಾತ್ರ ನಿಂತಿರಲಿಲ್ಲ. ತೆಂಗಿನ ತಲೆ ಮುಟ್ಟಿದ ನೀರು ಭಾವನ ಪಂಚೆಯ ಮೇಲೆ ಮಳೆಯಾಗಿ ಇಳಿಯಿತು. ಶಪಥ ಮರೆತ ಭಾವ ಓಡಿಬಂದು ನನ್ನ ಕಂಕುಳಿಗೆ ಕೈಹಾಕಿ ಎತ್ತಿದರು. ಸರಸ ಎಂಜಿನ್ ಆಫ್ ಮಾಡಿದಳು.

ಭಾವ ಜಾರಲಿಲ್ಲವಲ್ಲ! ಆಗ ಸುತ್ತ ನೋಡಿದೆ. ಅಂಗಳವಿಡೀ ಬೆಳ್ಳಗೆ ಹೊಳೆಯುತ್ತಿತ್ತು. ಪಾಚಿ ಉಳಿದದ್ದು, ಬೆಳಗಿನಿಂದ ನಾನು ಬಿಟ್ಟುಕೊಡದೆ ನಿಂತಿದ್ದ ಜಾಗದಲ್ಲಿ ಮಾತ್ರ.

"ಭಾವ, ಅಂಗಳ ಎಷ್ಟ್ ಲಾಯ್ಕ್ ಆಯಿತ್!" ಎಂದರು ಚಂದಯ್ಯ ಭಾವ. "ಎಲ್ಲ ಈ ಮಿಷಿನಿಂದ್ಲೇ ತೊಳ್ದದ್ದಾ?"

ಹೌದು ಎನ್ನಲು ಬಾಯಿ ತೆರೆದೆ. ಸರಸ ಹಿಡಿಸೂಡಿಯ ಬುಡವನ್ನು ನೆಲಕ್ಕೆ ಕುಟ್ಟಿ ಸರಿಮಾಡಿಕೊಂಡಳು.

"ಇಲ್ಲ ಭಾವ," ಎಂದೆ, "ಅದ್ ಈಗಷ್ಟೇ ಎದ್ದದ್ದ್."