ನಾಲ್ಕು ಹಲ್ಲಿನ ಗರಗಸ

ಎತ್ತಿನ ಬಾಯಿಗೆ ಕೈ ಹಾಕಿ ಬೆಳೆದವಳು ನಾನು. ಗರಗಸದ ಬಾಯಿ ಯಾವ ಮಹಾ!

ಹೀಗೆಂದು ಈ ಹಾಲಮ್ಮ ಘೋಷಣೆ ಮಾಡಿದ್ದು ಅಜ್ಜಂಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಕರೆಂಟು ನಮ್ಮ ಬೀದಿಗೆ ಬಂದ ಹೊಸದು. ಇಸವಿ ಅರವತ್ತೆರಡೋ ಅರವತ್ತಮೂರೋ ಇರಬೇಕು. ಎದುರಿಗೆ ನಮ್ಮ ಯಜಮಾನರು ಈರಭದ್ರಪ್ಪನವರು ಬಲಭುಜಕ್ಕೆ ಎಕ್ಕದೆಲೆಯ ಶಾಖ ಕೊಟ್ಟುಕೊಳ್ಳುತ್ತಾ ಕೂತಿದ್ದರು.

ಅವರದು ಕಬ್ಬಿಣದ ಕೆಲಸ. ಕಿಟಕಿಗೆ ಸರಳು, ತೋಟಕ್ಕೆ ಗೇಟು, ಬಾವಿಗೆ ರಾಟೆಯ ಚೌಕಟ್ಟು, ಎಲ್ಲವನ್ನೂ ಪಡಸಾಲೆಯಲ್ಲೇ ಕೂತು ಕೈಗರಗಸದಲ್ಲಿ ಕೊಯ್ದು ಕೊಯ್ದು ಮಾಡುತ್ತಿದ್ದರು. ಬೆಳಗಿನಿಂದ ಬೈಗಿನವರೆಗೆ ಕರ್ ಕರ್ ಕರ್. ಕಬ್ಬಿಣದ ಪುಡಿ ಬೀಳದ ಜಾಗ ಮನೆಯಲ್ಲಿರಲಿಲ್ಲ. ಸೂಜಿಗಲ್ಲು ಹಿಡಿದರೆ ನಮ್ಮನೆಯ ಮುದ್ದೆ ತಟ್ಟೆಯಿಂದ ಎದ್ದು ಬರುತ್ತಿತ್ತು! ಅದನ್ನೂ ಸಹಿಸಿದ್ದೆ. ಆದರೆ ಆ ವರ್ಷ ಅವರ ಭುಜ ಹಿಡಿದುಕೊಂಡುಬಿಟ್ಟಿತು. ಎತ್ತಿದ ಕೈ ಇಳಿಯದು, ಇಳಿಸಿದ ಕೈ ಏಳದು.

ಭುಜ ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಚೌಳಹಿರಿಯೂರು.

ಈ ಚೌಳಹಿರಿಯೂರಿನ ವಿಷಯ ತಿಳಿಯದೆ ನನ್ನ ಸಿಟ್ಟು ನಿಮಗೆ ಅರ್ಥವಾಗದು. ಅಲ್ಲಿ ನಮ್ಮ ಯಜಮಾನರ ಅಣ್ಣನ ಮನೆ. ಹೊಲ ಉಂಟು, ತೆಂಗಿನ ತೋಟ ಉಂಟು, ಜೊತೆಗೆ ನನ್ನ ವಾರಗಿತ್ತಿ ಮಲ್ಲಿಕಾಂಬನೂ ಉಂಟು. ಮದುವೆಯಾದ ಹೊಸದರಲ್ಲಿ ನಾನು ಅವಳ ಕೈಕೆಳಗಿದ್ದೆ. ಬೆಲ್ಲದ ಡಬ್ಬಿಗೆ ಬೀಗ ಹಾಕುವ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಬೀಗದ ಕೈ ಅವಳ ತಾಳಿಸರದಲ್ಲೇ ತೂಗಾಡುತ್ತಿತ್ತು, ಗಂಡನಿಗಿಂತ ಅದೇ ಹತ್ತಿರದ್ದು ಎಂಬಂತೆ. ಜ್ವರ ಬಿಟ್ಟು ಬಾಯಿ ಕಹಿಯಾಗಿದೆ, ಒಂದು ಚೂರು ಬೆಲ್ಲ ಕೊಡಕ್ಕ ಎಂದು ಕೇಳಿದರೆ, ಜ್ವರ ಪೂರ್ತಿ ಬಿಡಲಿ ತಾಳು ಎಂದಳು. ಜ್ವರ ಬಿಟ್ಟ ಮೇಲೆ ಕೇಳಿದರೆ, ಈಗ ಬಾಯಿ ಸರಿಹೋಯಿತಲ್ಲ, ಬೆಲ್ಲ ಯಾಕೆ ಎಂದಳು. ಅವತ್ತೇ ಗಂಡನನ್ನು ಹೊರಡಿಸಿಕೊಂಡು ನನ್ನ ತವರೂರು ಅಜ್ಜಂಪುರಕ್ಕೆ ಬಂದು ಬೇರೆ ಒಲೆ ಹೂಡಿದೆ. ನನ್ನ ಬೆಲ್ಲದ ಡಬ್ಬಿಗೆ ಮುಚ್ಚಳವನ್ನೂ ಇಡಲಿಲ್ಲ. ಇರುವೆ ತಿಂದರೆ ತಿನ್ನಲಿ!

ಭುಜದ ಸುದ್ದಿ ಮುಟ್ಟಿದ್ದೇ ತಡ, ಮಲ್ಲಿಕಾಂಬ ಹೇಳಿಕಳಿಸಿದಳು: ಕಷ್ಟ ಪಡಬೇಡಿ, ಬಂದುಬಿಡಿ, ಇಲ್ಲಿ ರೊಟ್ಟಿ ತಟ್ಟಲು ಒಂದು ಕೈ ಬೇಕಾಗಿದೆ. ಕೈಯಂತೆ! ಆಳು ಎನ್ನಲು ನಾಚಿಕೆ.

ಉಳಿದದ್ದು ಒಂದೇ ದಾರಿ, ಕಬ್ಬಿಣ ಕೊಯ್ಯುವ ಕರೆಂಟಿನ ಗರಗಸ. ಕಡೂರಿನಲ್ಲಿ ಚನ್ನಬಸಪ್ಪ ಎಂಬಾತ ಮೆಷಿನ್ನಿನ ಅಂಗಡಿ ಇಟ್ಟಿದ್ದ. ನಮ್ಮವರು ಒಂದು ವರ್ಷದಿಂದ ಹೋಗುವುದು, ನೋಡುವುದು, ಬರುವುದು. ಏನಾಯಿತು ಎಂದು ಕೇಳಿದರೆ ಇನ್ನೊಮ್ಮೆ ನೋಡಬೇಕು ಎನ್ನುವುದು. ಹೆಣ್ಣು ನೋಡಲು ಬಂದವರೂ ಉಪ್ಪಿಟ್ಟು ತಿಂದು ಕೈ ತೊಳೆಯುವುದರೊಳಗೆ ಒಂದು ತೀರ್ಮಾನಕ್ಕೆ ಬರುತ್ತಾರೆ.

"ಈ ಸಲ ನಾನೂ ಬತ್ತೀನಿ. ನಾನೇ ಆರಿಸ್ತೀನಿ" ಎಂದೆ.

"ಅದ್ರಲ್ಲಿ ನಿಂಗೇನ್ ಗೊತ್ತೇ?"

ಆಗಲೇ ನಾನು ಎತ್ತಿನ ಬಾಯಿಯ ಮಾತಾಡಿದ್ದು. ಸುಳ್ಳೇನಲ್ಲ. ನಮ್ಮಪ್ಪ ತಮ್ಮಯ್ಯನವರು ಅಮೃತಮಹಲ್ ಕಾವಲಿನ ಪಕ್ಕದಲ್ಲೇ ದನ ಸಾಕಿ ಮುದುಕರಾದವರು. ಸಂತೆಯಲ್ಲಿ ಅವರು ಬಾಯಿ ನೋಡಿ ಹೂಂ ಎನ್ನದೆ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಹಲ್ಲೇ ಹಾಕಿಲ್ಲವೆಂದರೆ ಇನ್ನೂ ಕರು. ಎರಡು ಹಲ್ಲೆಂದರೆ ಎಳೆಯ ಹೋರಿ. ನಾಲ್ಕು ಹಲ್ಲೆಂದರೆ ನೊಗಕ್ಕೆ ಹದ. ಎಂಟಾದರೆ ಬಾಯಿ ಕೂಡಿತು, ಅಲ್ಲಿಂದಾಚೆ ಮುದಿತನ. ನಾನು ಸ್ಕೂಲಿನಲ್ಲಿ ಓದಿದ್ದು ಮೂರನೇ ಕ್ಲಾಸು; ಎತ್ತಿನ ಬಾಯಿ ಓದುವುದರಲ್ಲಿ ಬಿ.ಎ.!

ಸರಿ, ರೈಲು ಹತ್ತಿ ಹೋದೆವು. ಅಂಗಡಿಯಲ್ಲಿ ಎರಡು ಮೆಷಿನ್ನು ಜೋಡೆತ್ತಿನ ಹಾಗೆ ಪಕ್ಕಪಕ್ಕ ನಿಂತಿದ್ದವು. ಎರಡರಲ್ಲೂ ಗಾಲಿಗಳ ಮೇಲೆ ಸುತ್ತುವ ಉದ್ದನೆಯ ಹಲ್ಲಿನ ಪಟ್ಟಿ. ಚನ್ನಬಸಪ್ಪ ಕೈ ತೋರಿಸಿ, "ಇದು ಬ್ಯಾಂಡ್ ಸಾ" ಎಂದ. ನಮ್ಮವರನ್ನು ಸಾ ಎನ್ನುತ್ತಾನಲ್ಲ, ಮರ್ಯಾದಸ್ಥ ಎಂದುಕೊಂಡೆ. ನನ್ನ ಕಡೆ ತಿರುಗಿ ಮತ್ತೆ ಅದನ್ನೇ ಹೇಳಿದ. ಹೆಂಗಸನ್ನು ಹಿಡಿದು ಸಾ ಎನ್ನುವುದೇ! ಸಿಟ್ಟು ಅಲ್ಲಿಂದಲೇ ಏರತೊಡಗಿತು. ಗರಗಸಕ್ಕೆ ಇಂಗ್ಲಿಷಿನಲ್ಲಿ ಸಾ ಎನ್ನುತ್ತಾರೆಂದು ನಮ್ಮವರು ಬಾಯಿಬಿಟ್ಟಿದ್ದು ವಾಪಸ್ ಬರುವಾಗ, ರೈಲಿನಲ್ಲಿ. ಯಾವುದನ್ನಾದರೂ ಸಮಯಕ್ಕೆ ಸರಿಯಾಗಿ ಹೇಳಿದ ಗಂಡಸೇ ಅಲ್ಲ ಅದು!

ಚನ್ನಬಸಪ್ಪ ಮೊದಲನೆಯ ಮೆಷಿನ್ನು ಚಾಲೂ ಮಾಡಿದ. ಪಟ್ಟಿ ಸುತ್ತುತ್ತಿದೆಯೋ ನಿಂತಿದೆಯೋ ತಿಳಿಯದು. ಕಬ್ಬಿಣದ ಸರಳಿನ ಮೇಲೆ ತಲೆ ಬಗ್ಗಿಸಿಕೊಂಡು ಸಾವಕಾಶವಾಗಿ ಮೆಲುಕು ಹಾಕುತ್ತಿತ್ತು. ಮೈಗಳ್ಳ! ಬಗ್ಗಿ ನೋಡಿದೆ. ಬಾಯಿಂದ ಬೆಳ್ಳನೆಯ ನೀರು ತೊಟತೊಟ ಸುರಿಯುತ್ತಿದೆ. ಕಾಲುಬಾಯಿ ಜ್ವರ ಬಂದ ದನ ಹೀಗೆಯೇ ಜೊಲ್ಲು ಸುರಿಸುವುದು. ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದೆ. ಹಲ್ಲು ಕಾಯದಿರಲೆಂದು ಎಣ್ಣೆ ಬೆರೆಸಿದ ನೀರು ಬಿಡುತ್ತಾರೆ ಎಂದು ಅವನು ಏನೇನೋ ವಿವರಿಸಿದ. ರೋಗದ ದನ ಮಾರುವವನಿಗೆ ವಿವರಣೆ ಕಡಿಮೆಯೇ?

"ಹಲ್ಲೆಷ್ಟು?" ಎಂದು ಕೇಳಿದೆ.

ಅವನು ಹಿಗ್ಗಿ ಹೀರೇಕಾಯಿಯಾದ. "ಅಂಗುಲಕ್ಕೆ ಹದಿನೆಂಟು ಹಲ್ಲಮ್ಮ."

ನನ್ನ ಹೆಸರನ್ನು ಇವನಿಗೆ ಯಾರು ಹೇಳಿದರು, ಅದನ್ನೂ ನೆಟ್ಟಗೆ ಕರೆಯಬಾರದೇ ಎಂದು ಮತ್ತೊಂದು ಸುತ್ತು ಸಿಟ್ಟು ಬಂತು. ಆಮೇಲೆ ಲೆಕ್ಕ ಹೊಳೆಯಿತು. ಹದಿನೆಂಟು! ಎಂಟಕ್ಕೇ ಮುದಿಯಾದರೆ ಹದಿನೆಂಟಕ್ಕೆ ಏನಾಗಿರಬೇಕು! ಇದು ಎತ್ತಲ್ಲ, ಎತ್ತಿನ ಮುತ್ತಾತ!

ಎರಡನೆಯದನ್ನು ಅವನು ಒಲ್ಲದ ಮನಸ್ಸಿನಿಂದ ಚಾಲೂ ಮಾಡಿದ. ಅಬ್ಬಾ, ಅದರ ಓಟವೇ! ಗುಂಯ್ ಎಂದು ಹೊರಟರೆ ಪಟ್ಟಿ ಕಣ್ಣಿಗೇ ಕಾಣದು. ಜೊಲ್ಲಿಲ್ಲ, ಮೆಲುಕಿಲ್ಲ. ಹಲ್ಲೆಷ್ಟೆಂದರೆ ನಾಲ್ಕು. ನೊಗಕ್ಕೆ ಹದ! ಚನ್ನಬಸಪ್ಪ ಮಾತ್ರ, ಅದು ಮರಕ್ಕೆ, ನಿಮಗೆ ಬೇಡ, ಮೊದಲನೆಯದೇ ಚೆನ್ನ ಎಂದು ಬಡಕೊಂಡ. ದಲ್ಲಾಳಿ ಹೊಗಳಿದ ಎತ್ತಿನ ಹತ್ತಿರಕ್ಕೂ ನಮ್ಮಪ್ಪ ಸುಳಿಯುತ್ತಿರಲಿಲ್ಲ. ನನಗೆ ಎಲ್ಲ ಅರ್ಥವಾಯಿತು. ಒಳ್ಳೆಯದನ್ನು ಬೇರೆ ಗಿರಾಕಿಗೆ ಕಾದಿಟ್ಟು, ಮುದಿಯದನ್ನು ನಮ್ಮ ತಲೆಗೆ ಕಟ್ಟುವ ಹುನ್ನಾರ!

ಆಗ ನಮ್ಮವರು ಮೆಲ್ಲಗೆ, "ಹಾಲಿ, ಕಬ್ಬಿಣಕ್ಕೆ ನಿಧಾನದ್ದೇ ಸರಿ ಕಣೇ" ಎಂದರು.

"ನೀವ್ ಸುಮ್ನಿರಿ" ಎಂದೆ.

ಸುಮ್ಮನಾದರು. ಈಗಲೂ ನನ್ನ ಮೈ ಉರಿಯುವುದು ಇಲ್ಲಿಗೇ. ಸುಮ್ಮನಿರಿ ಎಂದ ಕೂಡಲೇ ಸುಮ್ಮನಾಗಿಬಿಡುವುದೇ! ಸಾರಿಗೆ ಉಪ್ಪು ಕಡಿಮೆಯೆಂದು ಮೂರು ಸಲ ಹೇಳುವ ಮನುಷ್ಯ, ಸಂಸಾರ ಮುಳುಗುವಾಗ ಒಂದೇ ಸಲ ಹೇಳಿ ನಿಲ್ಲಿಸಬೇಕೇ?

ನಾಲ್ಕು ಹಲ್ಲಿನದು ಗೂಡ್ಸ್ ಗಾಡಿಯಲ್ಲಿ ಅಜ್ಜಂಪುರಕ್ಕೆ ಬಂತು. ಸುಮ್ಮನೆ ಚಾಲೂ ಮಾಡಿದ್ದರೆ ಮರ್ಯಾದೆ ಮನೆಯೊಳಗೇ ಹೋಗುತ್ತಿತ್ತು. ಆದರೆ ನನಗೆ ಅಷ್ಟು ಸಾಲದು! ಬೀದಿಯವರನ್ನೆಲ್ಲ ಕರೆದೆ. ಮಲ್ಲಿಕಾಂಬನಿಗೂ ಹೇಳಿಕಳಿಸಿದೆ, ಬಂದು ಕಣ್ಣಾರೆ ಕಂಡು ಇನ್ನು ಈ ಕೈಯ ಆಸೆ ಬಿಡಲಿ ಎಂದು. ಅವಳ ಕಣ್ಣು ಕುಕ್ಕುವಂತೆ ಬೆಲ್ಲ ಸುರಿದು ಹೋಳಿಗೆ ಮಾಡಿದೆ. ಮೆಷಿನ್ನಿಗೆ ಅರಿಶಿನ ಕುಂಕುಮ ಇಟ್ಟು, ಕೊರಳಿಗೆ ಕಣಗಿಲೆ ಹಾರ ಹಾಕಿದೆ. ಮಲ್ಲಿಕಾಂಬ ಬಂದು ಪಡಸಾಲೆಯ ನಡುವೆ ಕೂತು, ಹೋಳಿಗೆ ಮುರಿದು, ಒಳಗಿನ ಬೆಲ್ಲವನ್ನು ಬೆರಳಲ್ಲಿ ಅಳೆದು ನೋಡಿದಳು.

"ಏನೇ ಹಾಲಮ್ಮ, ಇದೇಯಾ ನಿನ್ನ ಹೋರಿ?"

"ನಾಲ್ಕು ಹಲ್ಲಿಂದು ಕಣಕ್ಕ" ಎಂದೆ. ಗುಂಡಿ ಒತ್ತಿದೆ.

ಗುಂಯ್ ಎಂದಿತು. ಬೀದಿಯೆಲ್ಲ ಅಬ್ಬಾ ಎಂದಿತು. ನಮ್ಮವರು ದೇವರ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ, ಗೇಟಿನ ಸರಳನ್ನು ಪಟ್ಟಿಗೆ ತಾಗಿಸಿದರು.

ಆ ಕಿರುಚಾಟ ಹೆಬ್ಬೆ ಜಲಪಾತದವರೆಗೂ ಕೇಳಿಸಿರಬೇಕು! ಕಿಡಿ ಮಳೆಗರೆಯಿತು. ಒಗ್ಗರಣೆಯ ಸಾಸಿವೆಯ ಹಾಗೆ ಹಲ್ಲುಗಳು ಚಟಪಟ ಸಿಡಿದವು. ಒಂದು ಹೋಗಿ ಹೋಳಿಗೆಯ ತಪ್ಪಲೆಗೆ ಠಣ್ ಎಂದು ಬಡಿಯಿತು, ಇನ್ನೊಂದು ಮಲ್ಲಿಕಾಂಬನ ತುರುಬಿನಲ್ಲಿ ಹೂವಿನ ಜೊತೆ ಕೂತುಕೊಂಡಿತು. ಮರುಕ್ಷಣವೇ ಪಟ್ಟಿ ತುಂಡಾಗಿ, ಹಾರವನ್ನು ಹರಿದುಕೊಂಡು ಕೆರೆಹಾವಿನ ಹಾಗೆ ಹೊರಗೆ ಹಾರಿತು. ಕೊಟ್ಟಿಗೆಯ ಹಸು ಬೆದರಿ, ಹಗ್ಗ ಕಿತ್ತು, ಪಡಸಾಲೆಯ ನಡುವೆಯೇ ಓಡಿತು. ದಪ್ಪನೆಯ ಮಲ್ಲಿಕಾಂಬ ಅದು ಹೇಗೋ ಒರಳುಕಲ್ಲಿನ ಮೇಲೆ ನಿಂತಿದ್ದಳು. ಬೀದಿಯ ಫ್ಯೂಸು ಹೋಗಿತ್ತು.

ಯಾರಿಗೂ ಏಟಾಗಲಿಲ್ಲ, ನನ್ನ ಮಾನದ ಹೊರತು.

ಸದ್ದಡಗಿದ ಮೇಲೆ ನಮ್ಮವರು ನಿಧಾನವಾಗಿ ಅಂಗಳಕ್ಕಿಳಿದು ಪಟ್ಟಿಯ ತುಂಡು ಎತ್ತಿಕೊಂಡರು. ಎತ್ತಿನ ತುಟಿ ಬಿಡಿಸುವ ಹಾಗೆಯೇ ಅದನ್ನು ಹೆಬ್ಬೆರಳಲ್ಲಿ ಸವರಿ ನನ್ನೆದುರು ಹಿಡಿದರು.

"ಬಾಯಿ ನೋಡೇ ಹಾಲಿ. ಒಂದೂ ಹಲ್ಲಿಲ್ಲ. ನಿಮ್ಮಪ್ಪನ ಲೆಕ್ಕದಲ್ಲಿ ಇದಿನ್ನೂ ಹಲ್ಲೇ ಹಾಕದ ಕರು."

ಬೀದಿಗೆ ಬೀದಿಯೇ ನಕ್ಕಿತು. ಒರಳುಕಲ್ಲಿನ ಮೇಲಿಂದ ಮಲ್ಲಿಕಾಂಬ ಎಲ್ಲರಿಗಿಂತ ಜೋರಾಗಿ ನಕ್ಕಳು. "ಇವ್ಳು ಹಾಲಮ್ಮ ಅಲ್ಲ ಕಣ್ರೀ, ಹಲ್ಲಮ್ಮ" ಎಂದಳು. ಕೆಳಗಿಳಿದ ಮೇಲೆ ನಗು ನಿಲ್ಲಿಸಿ, "ಪಾತ್ರೆಪಡಗ ಕಟ್ಕೊಳ್ಳೇ. ಸೋಮವಾರ ಗಾಡಿ ಕಳಿಸ್ತೀವಿ" ಎಂದಳು. ತಾಳಿಸರದ ಬೀಗದ ಕೈ ಅವಳು ಬಗ್ಗಿದಾಗ ನನ್ನ ಮೂಗಿನ ಮುಂದೆಯೇ ತೂಗಾಡಿತು.

ಮಾರನೆಯ ದಿನ ಬೆಳಗ್ಗೆ ಗಂಡನನ್ನೂ ಕರೆಯದೆ, ಬೋಳು ಪಟ್ಟಿಯನ್ನು ಸುತ್ತಿ ಸೀರೆಗಂಟಿನಲ್ಲಿ ಕಟ್ಟಿಕೊಂಡು ಕಡೂರಿಗೆ ಹೋದೆ. ಅಂಗಡಿ ತುಂಬ ಜನ. ಪಟ್ಟಿಯನ್ನು ಚನ್ನಬಸಪ್ಪನ ಮುಂದೆ ಕುಕ್ಕಿ, ನಮ್ಮ ಕಡೆ ಕೊಂಡ ಎತ್ತನ್ನು ಹೂಡಿ ನೋಡುವ ವಾಯಿದೆ ಉಂಟು, ನೊಗ ಇಟ್ಟ ಕೂಡಲೇ ಮಲಗಿದರೆ ಮಾರಿದವನೇ ಹೊಡೆದುಕೊಂಡು ಹೋಗಬೇಕು, ಇದು ಮೊದಲನೇ ಸಾಲಿಗೇ ಮಲಗಿದೆ ಎಂದೆ.

"ಮೆಷಿನ್ನು ಎತ್ತಲ್ಲವಲ್ಲಮ್ಮ" ಎಂದ.

"ಹಲ್ಲೆಷ್ಟು ಅಂತ ಕೇಳಿದ್ದಕ್ಕೆ ಲೆಕ್ಕ ಹೇಳಿದ್ರಲ್ಲ, ಆಗ ಎತ್ತಾಗಿತ್ತೋ?"

ಜನ ನಕ್ಕರು. ಚನ್ನಬಸಪ್ಪನೂ ನಕ್ಕ. ಒಳ್ಳೆಯವನೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಅವನು ಕೈಕಟ್ಟಿ ನಿಂತ. "ಬದಲಾಯಿಸಿ ಕೊಡ್ತೀನಿ. ಯಾವುದು ಬೇಕು ಅಂತ ತಾವೇ ಬಾಯಿಬಿಟ್ಟು ಹೇಳಿ."

ಹಾಳಾದವನು! ಅಷ್ಟು ಜನರ ಮುಂದೆ! ಮಲ್ಲಿಕಾಂಬನ ಬೀಗದ ಕೈ ಕಣ್ಣ ಮುಂದೆ ಬಂತು. ಗಂಟಲು ಸರಿಮಾಡಿಕೊಂಡೆ.

"ಆ ಜೊಲ್ಲು ಸುರಿಸೋ ಮುದಿಯೆತ್ತನ್ನೇ ಕೊಡಿ" ಎಂದೆ.

ಮುದಿಯೆತ್ತು ಬಂತು. ಹಾರವಿಲ್ಲ, ಹೋಳಿಗೆಯಿಲ್ಲ, ಯಾರನ್ನೂ ಕರೆಯಲಿಲ್ಲ. ಸರಳಿನ ಮೇಲೆ ತಲೆಯಿಟ್ಟು, ಜೊಲ್ಲು ಸುರಿಸುತ್ತಾ, ಮೆಲುಕು ಹಾಕುತ್ತಾ, ಕಬ್ಬಿಣವನ್ನು ಬೆಣ್ಣೆಯ ಹಾಗೆ ಕೊಯ್ದು ಹಾಕಿತು. ನಮ್ಮವರು ಪಕ್ಕದಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡರು. ಸೋಮವಾರ ಚೌಳಹಿರಿಯೂರಿನ ಗಾಡಿ ಬಾಗಿಲಿಗೆ ಬಂದು ನಿಂತಿತು. ಬಂದ ಗಾಡಿಯನ್ನು ನಾನು ಬರಿದಾಗಿ ಕಳಿಸಲಿಲ್ಲ. ಒಂದು ಪಿಂಡಿ ಬೆಲ್ಲ ಹಾಕಿ ಕಳಿಸಿದೆ. ಬೀಗ ಹಾಕಿಕೊಳ್ಳಲಿ!

ಆ ಸಂಜೆ ನಮ್ಮವರನ್ನು ತರಾಟೆಗೆ ತೆಗೆದುಕೊಂಡೆ. ಗೊತ್ತಿದ್ದೂ ಒಂದೇ ಸಲ ಹೇಳಿ ಯಾಕೆ ಬಿಟ್ಟಿರಿ, ಎರಡನೇ ಸಲ ಹೇಳಲು ಏನಾಗಿತ್ತು ಎಂದು ಕೇಳಿದೆ.

"ಒಂದನೇ ಸಲಕ್ಕೇ ಬಾಯಿ ಮುಚ್ಚಿಸಿದ್ಯಲ್ಲೇ. ಎರಡನೇ ಸಲ ಹೇಳೋಕೆ ಬಾಯಿ ಬೇಕಲ್ಲ" ಎಂದರು.

ಅದಕ್ಕೆ ಕೊಡಲು ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ. ಹೊಳೆದಿದ್ದರೂ ಕೇಳಲು ಅವರಿಲ್ಲ. ಎರಡನೇ ಸಲ ಹೇಳದೆ ಹೊರಟೇಹೋದರು, ಅದೇ ಬುದ್ಧಿ!

ಮೆಷಿನ್ನು ಎಷ್ಟೋ ವರ್ಷ ದುಡಿದು ನಮ್ಮನ್ನು ಸಾಕಿತು. ಆದರೆ ಮಲ್ಲಿಕಾಂಬ ಇಟ್ಟ ಹೆಸರು ಅದಕ್ಕಿಂತ ಹೆಚ್ಚು ಬಾಳಿಕೆ ಬಂತು. ಗೇಟು ಮಾಡಿಸಲು ತರೀಕೆರೆಯಿಂದ ಬರುತ್ತಿದ್ದವರೂ ಸ್ಟೇಷನ್ನಿನಲ್ಲಿ ಇಳಿದು ಹಲ್ಲಮ್ಮನ ಮನೆ ಯಾವುದು ಎಂದೇ ಕೇಳುತ್ತಿದ್ದರು. ಬೈದೆ, ಕೂಗಾಡಿದೆ, ಒಬ್ಬಿಬ್ಬರನ್ನು ಪೊರಕೆ ಹಿಡಿದು ಅಟ್ಟಿದ್ದೂ ಉಂಟು. ಏನೂ ಆಗಲಿಲ್ಲ.

ಈಗ ನನ್ನ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಹೆಸರಿನ ಹಲ್ಲು ಮಾತ್ರ ಉದುರಿಲ್ಲ.